ಬೇಡರ ಕಣ್ಣಪ್ಪ: ರಂಗದಿಂದ ಬೆಳ್ಳಿತೆರೆಗೆ

ಗುಬ್ಬಿ ವೀರಣ್ಣನವರ ನಾಟಕ ಮಂಡಳಿಯು ಆಡಿ ಜನಮನವನ್ನು ಸೂರೆಗೊಂಡಿದ್ದ ‘ಬೇಡರ ಕಣ್ಣಪ್ಪ’ವು 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ, ರಾಜಕುಮಾರರನ್ನು ಪ್ರಥಮ ಬಾರಿಗೆ ನಾಯಕನನ್ನಾಗಿಸಿ ಚಲನಚಿತ್ರವಾಗಿ ಅವತರಿಸಿದಾಗ, ಭಾವಾಭಿವ್ಯಕ್ತಿಯ ಮಾರ್ಗವೇ ಬೇರೆಯಾಯಿತು. ರಂಗನಟನು, ಹಿಂಬದಿಯಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ಭಕ್ತಿಯ ಆರ್ತತೆ ಮುಟ್ಟುವಂತೆ ಕಂಠವನ್ನೇರಿಸಿ, ಕಂದಪದ್ಯವನ್ನು ಹಾಡಿ, ಬಾಹುಗಳನ್ನು ಚಾಚಬೇಕಾಗಿದ್ದಿತು. ಕ್ಯಾಮೆರಾ ಆದರೋ ಮುಖವೊಂದನ್ನೇ ಪರದೆಯಗಲಕ್ಕೆ ಹಿಗ್ಗಿಸಿ, ತುಟಿಯ ಕಂಪನವನ್ನೂ ರೆಪ್ಪೆಯಂಚಿನ ನೀರನ್ನೂ ಎಲ್ಲರಿಗೂ ಸಮಾನವಾಗಿ ಹಂಚಬಲ್ಲುದಾಯಿತು. ಲಿಂಗದ ನೇತ್ರದಿಂದ ರಕ್ತವೊಸರುವುದನ್ನು ಕಂಡ ಬೇಡನು ತನ್ನ ಕಣ್ಣನ್ನೇ ಕಿತ್ತು ಅರ್ಪಿಸುವಂಥ ಪ್ರಸಂಗದಲ್ಲಿ, ದೇವನನ್ನೊಮ್ಮೆ ಭಕ್ತನನ್ನೊಮ್ಮೆ ತೋರಬಲ್ಲ ಸಂಕಲನಕಲೆಯು ನೋಡುವವನನ್ನು ಇಬ್ಬರ ನಡುವೆಯೇ ನಿಲ್ಲಿಸುತ್ತದೆ. ಆದರೂ ರಾಜಕುಮಾರರ ಮುಖದಲ್ಲಿ ಮೂಡಿದ ಸತ್ಯವು ವೃತ್ತಿರಂಗಭೂಮಿಯ ದೀರ್ಘ ಸಾಧನೆಯ ಫಲ. ಆ ಋಣವನ್ನು ಕನ್ನಡ ಚಿತ್ರರಂಗವು ಎಂದಿಗೂ ಮರೆಯಬಾರದು.