ಬಂಡೆ ಹತ್ತುವ ಪಾದ, ಸುದ್ದಿ ಒಯ್ಯುವ ಬೆನ್ನುಹುರಿ

ಬೆಟ್ಟದ ಕೆಳಗಿನ ಭೋಗಾನರಸಿಂಹಸ್ವಾಮಿ ದೇವಸ್ಥಾನದಿಂದ ಮೇಲಿನ ಯೋಗಾನರಸಿಂಹನ ಸನ್ನಿಧಿಗೆ ಬರಿಗಾಲಲ್ಲಿ ಹತ್ತುವವರಿಗೆ ಬಿಸಿಲಿಗೆ ಕಾದ ಕಲ್ಲಿನ ಬಿಸಿ ಗೊತ್ತು. ಪಾದ ಸುಟ್ಟಿತೆಂಬ ಅರಿವು ಮಿದುಳಿನಲ್ಲಿ ಮೂಡುವ ಮೊದಲೇ ಕಾಲು ಮೇಲೆದ್ದಿರುತ್ತದೆ. ಆ ಆಜ್ಞೆ ಬೆನ್ನುಹುರಿಯದೇ. ಇದು ಪರಾವರ್ತಿತ ಪ್ರತಿಕ್ರಿಯೆ.

ವಯಸ್ಕರ ಬೆನ್ನುಹುರಿ ಸುಮಾರು 45 ಸೆಂ.ಮೀ. ಉದ್ದ, ಕಿರುಬೆರಳಿನಷ್ಟು ದಪ್ಪ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಅವುಗಳ ಹಿಂಬೇರು ಸ್ಪರ್ಶ, ನೋವು, ಶಾಖದ ಸುದ್ದಿಯನ್ನು ಒಳಗೆ ತರುತ್ತದೆ. ಮುಂಬೇರು ಸ್ನಾಯುಗಳಿಗೆ ಚಲನೆಯ ಆಜ್ಞೆ ಒಯ್ಯುತ್ತದೆ.

ನಿಜಕ್ಕೂ ಬೆರಗಾಗಿಸುವುದು ಈ ಸುದ್ದಿಗಳು ಹಿಡಿಯುವ ದಾರಿ. ಬಲಪಾದದ ನೋವಿನ ಸಂಕೇತ ಬೆನ್ನುಹುರಿಯಲ್ಲೇ ಎಡಕ್ಕೆ ದಾಟಿ ಮೇಲೇರುತ್ತದೆ. ಅದೇ ಪಾದದ ನವಿರು ಸ್ಪರ್ಶದ ಸಂಕೇತ ಬಲಬದಿಯಲ್ಲೇ ಏರಿ, ಮಿದುಳಿನ ಬುಡಕ್ಕೆ ಬಂದ ಮೇಲಷ್ಟೇ ದಾಟುತ್ತದೆ. ಹಾಗಾಗಿ ಬೆನ್ನುಹುರಿಯ ಒಂದೇ ಬದಿಗೆ ಪೆಟ್ಟಾದರೆ ಆ ಬದಿಯ ಕಾಲು ಸ್ವಾಧೀನ ತಪ್ಪಬಹುದು. ಇನ್ನೊಂದು ಕಾಲು ಓಡಾಡುತ್ತಿದ್ದರೂ ಅದಕ್ಕೆ ನೋವು, ಬಿಸಿ ತಿಳಿಯದೆ ಹೋಗಬಹುದು.

ತುಂಡಾದ ಬೆನ್ನುಹುರಿಯನ್ನು ಮೊದಲಿನಂತೆ ಕೂಡಿಸುವ ಚಿಕಿತ್ಸೆ ಇನ್ನೂ ಇಲ್ಲ. ಬೆಟ್ಟ ಹತ್ತುವಾಗ ಯಾರಾದರೂ ಬಂಡೆಯಿಂದ ಬಿದ್ದರೆ ದಯವಿಟ್ಟು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ. ತಲೆ, ಕುತ್ತಿಗೆ ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ.