ಅಂಚೆಯಲ್ಲಿ ಬಂದ ಲಿನಕ್ಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಕಂಪ್ಯೂಟರ್ ಬಿಸಾಕಬೇಕಾ, ಲಿನಕ್ಸ್ ಹಾಕಬೇಕಾ ಅನ್ನೋ ಪ್ರಶ್ನೆ ಈಗ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದಂಥ ಊರುಗಳಿಗೂ ಬಂದಿದೆ. ಆದರೆ ಲಿನಕ್ಸ್ ಹಾಕೋದು ಒಂದು ದಿನದ ಕೆಲಸ. ಅದನ್ನು ವರ್ಷಗಟ್ಟಲೆ ಅಪ್‌ಡೇಟ್ ಮಾಡಿಕೊಂಡು ಹೋಗೋದೇ ನಿಜವಾದ ಕೆಲಸ. ನಾನು ಇವತ್ತು ಹೇಳೋದು ಆ ಅಪ್‌ಡೇಟ್‌ನ ಇತಿಹಾಸ.

1991ರಲ್ಲಿ ಹುಟ್ಟಿದ ಲಿನಕ್ಸ್ ನಮ್ಮ ದೇಶದ ಸಣ್ಣ ಊರುಗಳತ್ತ ಹೊರಟಿದ್ದು ಇಂಟರ್‌ನೆಟ್ ಮೂಲಕ ಅಲ್ಲ, ಸಿಡಿಯಲ್ಲಿ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆಗೇ ಲಿನಕ್ಸ್ ಸಿಡಿ ಕೊಟ್ಟಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2004ರಲ್ಲಿ ಉಬುಂಟು ಬಂತು. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದೂ ಅದೇ ವರ್ಷ. ವಿಳಾಸ ಬರೆದು ಕಳಿಸಿದರೆ ಉಬುಂಟು ಸಿಡಿ ಪುಕ್ಕಟೆಯಾಗಿ ಅಂಚೆಯಲ್ಲಿ ಬರ್ತಿತ್ತು. ಅಂಚೆಯಣ್ಣ ಮುಟ್ಟುವ ಊರಿಗೆಲ್ಲ ಲಿನಕ್ಸ್ ಮುಟ್ಟಬಹುದಿತ್ತು. 2011ರ ಏಪ್ರಿಲ್‌ನಲ್ಲಿ ಆ ವ್ಯವಸ್ಥೆ ನಿಂತಿತು. ಇನ್ನು ಮುಂದೆ ಡೌನ್‌ಲೋಡ್ ಮಾಡ್ಕೊಳ್ಳಿ ಅಂದ್ರು.

ನಗರಕ್ಕೆ ಇದು ಸಣ್ಣ ಬದಲಾವಣೆ. ಆದರೆ ಫೋನ್ ಸಿಗ್ನಲ್‌ಗೆ ಗುಡ್ಡ ಹತ್ತಬೇಕಾದ ಜೋಯಿಡಾದ ಕಾಡಿನ ಹಳ್ಳಿಗೆ ಅದು ಬಾಗಿಲು ಮುಚ್ಚಿದ ಹಾಗೆ. ಅಂಥ ಕಡೆ ನೆರವಾಗಿದ್ದು ಎರಡು ಸಂಗತಿ. ಒಂದು, ದೀರ್ಘಾವಧಿ ಬೆಂಬಲದ ಆವೃತ್ತಿಗಳು. 2012ರ 12.04ರಿಂದ ಉಬುಂಟು ಡೆಸ್ಕ್‌ಟಾಪ್‌ನ ಬೆಂಬಲ 3 ವರ್ಷದಿಂದ 5 ವರ್ಷಕ್ಕೆ ಏರಿತು. ಅಂದ್ರೆ ಆರಾರು ತಿಂಗಳಿಗೆ ಇಡೀ ವ್ಯವಸ್ಥೆಯನ್ನೇ ಬದಲಿಸೋ ಗೋಜಿಲ್ಲ. ಇನ್ನೊಂದು, ಎಪಿಟಿ-ಆಫ್‌ಲೈನ್ ಅನ್ನೋ ಸಾಧನ. ಬೇಕಾದ ಅಪ್‌ಡೇಟ್‌ಗಳ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ನೆಟ್ ಇರೋ ಊರಲ್ಲಿ ಇಳಿಸಿಕೊಂಡು, ವಾಪಸ್ ಬಂದು ಹಾಕ್ಕೋಬಹುದು. ಒಂದು ರೀತಿಯಲ್ಲಿ ಹಳೇ ಅಂಚೆಯೇ ಇದು, ಅಂಚೆಯಣ್ಣ ಮಾತ್ರ ನೀವೇ.

ಅಪ್‌ಡೇಟ್ ಅಂದ್ರೆ ಬರೀ ವೈರಸ್ ಭಯ ಅಲ್ಲ, ಭಾಷೆಯ ಪ್ರಶ್ನೆಯೂ ಹೌದು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆಯಿದೆ. ಕನ್ನಡದ ಒತ್ತಕ್ಷರದ ಹಾಗೆ ಟಿಬೆಟನ್ ಲಿಪಿಯಲ್ಲೂ ಅಕ್ಷರದ ಕೆಳಗೆ ಅಕ್ಷರ ಕೂರುತ್ತೆ. ಯೂನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ, ಈಗಿನ ಟಿಬೆಟನ್ 1996ರಲ್ಲಿ. ಆದರೆ ಸಂಕೇತ ಸಿಕ್ಕರೆ ಸಾಲದು. ಅಕ್ಷರ ಜೋಡಿಸುವ ತಂತ್ರಾಂಶ ಮತ್ತು ಫಾಂಟ್ ಎರಡೂ ಹೊಸದಾಗ್ತಾ ಬಂದಿದ್ದಕ್ಕೇ ಒತ್ತು ಸರಿಯಾದ ಜಾಗದಲ್ಲಿ ಕೂತಿದ್ದು. ಅಪ್‌ಡೇಟ್ ಕಾಣದೆ ಉಳಿದ ಹಳೇ ಯಂತ್ರದಲ್ಲಿ ಮೊದಲು ಕೆಡೋದು ನಮ್ಮಂಥವರ ಅಕ್ಷರವೇ.

ಈಗ ಹಳೇ ಯಂತ್ರಗಳಿಗೇ ಕುತ್ತು. 2025ರ ಡೆಬಿಯನ್ 13ನ್ನು 32-ಬಿಟ್ ಕಂಪ್ಯೂಟರಿನಲ್ಲಿ ಹೊಸದಾಗಿ ಹಾಕೋಕಾಗಲ್ಲ. ಹಾಗಾಗಿ ಲಿನಕ್ಸ್ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ ಅಂತೀನಿ: ಈ ಆವೃತ್ತಿಗೆ ಎಷ್ಟು ವರ್ಷ ಆಯುಸ್ಸಿದೆ? ಅಪ್‌ಡೇಟ್ ನಮ್ಮೂರಿಗೆ ಬರೋದು ಯಾವ ದಾರಿಯಲ್ಲಿ? ಪುಕ್ಕಟೆ ಸಿಗೋದು ತಂತ್ರಾಂಶ ಮಾತ್ರ, ಆ ದಾರಿಯನ್ನು ನಾವೇ ಮಾಡ್ಕೋಬೇಕು.