ಸಹಿ ಗಂಡನದು, ಅಕ್ಷರ ಹೆಂಡತಿಯದು: 'ಗೃಹಭಂಗ'ದ ಮನೆಗುಟ್ಟು ಮತ್ತು ಕಿಶೋರ ಚಾರಿತ್ರಿಕ ಕಾದಂಬರಿ

ಹದಿಹರೆಯದವರ ಚಾರಿತ್ರಿಕ ಕಾದಂಬರಿಗೆ ಒಂದು ಸಿದ್ಧ ಹಂದರವಿದೆ. ಅಜ್ಜಿ ತೀರಿಕೊಳ್ಳುತ್ತಾಳೆ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಮೊಮ್ಮಗಳಿಗೆ ಹಳೆಯ ಪತ್ರವೊಂದು ಸಿಗುತ್ತದೆ, ಮನೆಯಲ್ಲಿ ಯಾರಿಗೂ ತಿಳಿಯದಿದ್ದ ಪ್ರೇಮವೋ ಜನ್ಮರಹಸ್ಯವೋ ಹೊರಬೀಳುತ್ತದೆ. ಇಂಗ್ಲಿಷಿನಲ್ಲಿ ಇಂಥ ಪುಸ್ತಕಗಳು ಹೇರಳ. ಈ ಹಂದರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ಹೊಂದುತ್ತದೆಯೇ? ಇಲ್ಲಿನ ಮನೆಗಳಲ್ಲಿ ಗುಟ್ಟು ಯಾವ ರೂಪದಲ್ಲಿರುತ್ತದೆ, ಪ್ರೀತಿ ಯಾವ ದಾರಿಯಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಎಸ್. ಎಲ್. ಭೈರಪ್ಪನವರ 'ಗೃಹಭಂಗ'ವನ್ನು (1970) ಮತ್ತೆ ಓದಿದ್ದೇನೆ. ಅದು ಕಿಶೋರರಿಗಾಗಿ ಬರೆದ ಕಾದಂಬರಿಯಲ್ಲ. ಆದರೆ ಈ ಸೀಮೆಯ ಬಗ್ಗೆ ಕಿಶೋರರಿಗಾಗಿ ಬರೆಯಹೊರಡುವವರು ಮೊದಲು ದಾಟಬೇಕಾದ ಹೊಸ್ತಿಲು ಅದೇ ಎಂಬುದು ನನ್ನ ನಂಬಿಕೆ.

1. ಊರು ಮತ್ತು ಕಾಲ

ಕತೆ ನಡೆಯುವುದು ತಿಪಟೂರು ತಾಲ್ಲೂಕು, ಕಂಬನಕೆರೆ ಹೋಬಳಿಯ ರಾಮಸಂದ್ರದಲ್ಲಿ. ಕಾಲ 1920ರ ದಶಕದಿಂದ 1945ರ ಆಸುಪಾಸು. ತಿಪಟೂರು ತಾಲ್ಲೂಕಿನ ಹೋಬಳಿಗಳು ಕಸಬಾ, ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ. ಕಂಬನಕೆರೆ ಈ ಪಟ್ಟಿಯಲ್ಲಿಲ್ಲ. ಅಂದರೆ ಕಾದಂಬರಿಕಾರರು ತಾಲ್ಲೂಕನ್ನು ನಿಜವಾಗಿಯೇ ಉಳಿಸಿಕೊಂಡು ಹೋಬಳಿಯನ್ನು ಕಲ್ಪಿಸಿಕೊಂಡಿದ್ದಾರೆ. ಕಾದಂಬರಿಯ ನಾಯಕಿ ನಂಜಮ್ಮನ ತವರು ನಾಗಲಾಪುರ. ಆ ಹೆಸರಿನ, ಹೊಯ್ಸಳ ದೇಗುಲಗಳಿರುವ ಊರು ತುರುವೇಕೆರೆ ತಾಲ್ಲೂಕಿನಲ್ಲಿದೆ. ಹೆಸರೊಂದೇ ಎಂಬ ಕಾರಣಕ್ಕೆ ಕಾದಂಬರಿಯ ಊರು ಇದೇ ಎನ್ನುವುದು ಸಲ್ಲದು. ನಂಜಮ್ಮನ ಗಂಡ ಚೆನ್ನಿಗರಾಯನ ಹೆಸರು ಮಾತ್ರ ಅಪ್ಪಟ ಈ ಸೀಮೆಯದು. ತುರುವೇಕೆರೆಯಲ್ಲಿ ಚೆನ್ನಿಗರಾಯನ ಗುಡಿಯೇ ಇದೆ.

ಲೇಖಕರು ಹುಟ್ಟಿದ್ದು (1931) ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಬಾಲ್ಯದಲ್ಲೇ ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡದ್ದನ್ನು ಆತ್ಮಕಥೆ 'ಭಿತ್ತಿ'ಯಲ್ಲಿ (1996) ಬರೆದಿದ್ದಾರೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ದಶಕಗಳ ಕಾಲ ಮೈಸೂರು ಸೀಮೆಯ ಹಳ್ಳಿಗಳಿಗೆ ಮರಳಿ ಮರಳಿ ಬರುತ್ತಿತ್ತು. ಇಲಿ ಬಿತ್ತೆಂದರೆ ಊರು ಬಿಟ್ಟು, ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಕಾದಂಬರಿಯ ಮನೆ ಮುರಿಯುವುದು ಇದೇ ಬೇನೆಯಿಂದ.

2. ಲೆಕ್ಕದ ಪುಸ್ತಕದ ಅಕ್ಷರ

ಚೆನ್ನಿಗರಾಯನಿಗೆ ಶ್ಯಾನುಭೋಗಿಕೆ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವ ಹುದ್ದೆ, ಅಪ್ಪ ರಾಮಣ್ಣನಿಂದ ವಂಶಪಾರಂಪರ್ಯವಾಗಿ ಬಂದದ್ದು. ಆದರೆ ಲೆಕ್ಕ ಬರೆಯಲು ಅವನಿಗೆ ಬಾರದು. ಹೊರಗಿನವರಿಂದ ಬರೆಸಿದರೆ ವರ್ಷಾಸನದಲ್ಲಿ ಪಾಲು ಕೊಡಬೇಕು. ನಂಜಮ್ಮ ಶ್ಯಾನುಭೋಗ ದ್ಯಾವರಸಯ್ಯನವರಿಂದ ಕೆಲಸ ಕಲಿಯುತ್ತಾಳೆ. ಮೊದಲು ಹಾಳೆಗೆ ಗೆರೆ ಹಾಕುವುದು, ಆಮೇಲೆ ಕಲಮುಗಳನ್ನು ತುಂಬುವುದು, ಆಮೇಲೆ ಕೂಡಿಸಿ ತಾಳೆ ನೋಡುವುದು. ಪುಸ್ತಕ ಸಿದ್ಧವಾದ ಮೇಲೆ ಗಂಡ ಸಹಿ ಹಾಕುತ್ತಾನೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸರ್ಕಾರದ ಕಣ್ಣಿಗೆ ಆ ಲೆಕ್ಕ ಚೆನ್ನಿಗರಾಯನದು. ಸಂಶೋಧಕನೊಬ್ಬ ನಾಳೆ ಅಂಥ ಹಳೆಯ ಪುಸ್ತಕವೊಂದನ್ನು ತೆರೆದರೆ ಅವನಿಗೂ ಸಿಗುವುದು ಗಂಡಸಿನ ಹೆಸರೇ. ಆದರೆ ಸಹಿಯ ಅಕ್ಷರವನ್ನೂ ಒಳಗಿನ ಅಕ್ಷರವನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಎರಡು ಕೈಗಳು ಬೇರೆಬೇರೆಯಾಗಿ ಕಾಣಿಸಿಯಾವು. ಒಂದು ಮನೆಯ ಇಡೀ ಸತ್ಯ ಆ ವ್ಯತ್ಯಾಸದಲ್ಲಿದೆ. ಹೆಂಡತಿ ಕಂದಾಯದ ಲೆಕ್ಕ ಬರೆದು, ಉಳಿದ ಹೊತ್ತಿನಲ್ಲಿ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕಿದಳು ಎಂಬ ಸಂಗತಿಗೆ ಪಹಣಿಯಲ್ಲಿ ಕಲಮಿಲ್ಲ.

3. ಗುಟ್ಟು ಮತ್ತು ಆಡದ ಮಾತು

ಭೈರಪ್ಪನವರೇ ಇದಕ್ಕೆ ಮೊದಲು ಬರೆದ 'ವಂಶವೃಕ್ಷ'ದಲ್ಲಿ (1965) ನಿಜವಾದ ಗುಟ್ಟೊಂದಿದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಬಾಳೆಲ್ಲ ವಂಶವನ್ನೇ ಧರ್ಮದ ಆಧಾರವೆಂದು ನಂಬಿ ನಡೆದು, ಇಳಿವಯಸ್ಸಿನಲ್ಲಿ ತಮ್ಮ ಹುಟ್ಟಿನ ರಹಸ್ಯವನ್ನು ತಿಳಿಯುತ್ತಾರೆ. ಅವರು ನಿಂತ ನೆಲವೇ ಕುಸಿಯುತ್ತದೆ. ಈ ಕಾದಂಬರಿಯನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಜತೆಯಾಗಿ ನಿರ್ದೇಶಿಸಿ ಚಲನಚಿತ್ರ ಮಾಡಿದರು. ಇಬ್ಬರಿಗೂ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು.

'ಗೃಹಭಂಗ'ದಲ್ಲಿ ಇಂಥ ಬಯಲಾಗುವ ಗಳಿಗೆ ಇಲ್ಲ. ಲೆಕ್ಕ ಯಾರು ಬರೆಯುತ್ತಾರೆಂದು ಊರಿಗೆ ಗೊತ್ತು, ಮನೆಗೆ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಕಾಗದ ಒಪ್ಪುವುದಿಲ್ಲ, ಅಷ್ಟೆ. ಈ ಎರಡನ್ನು ಬೇರ್ಪಡಿಸಲು ನಮ್ಮ ನುಡಿಯಲ್ಲೇ ಮಾತುಗಳಿವೆ: ಒಂದು ಗುಟ್ಟು, ಇನ್ನೊಂದು ಆಡದ ಮಾತು. ಗುಟ್ಟನ್ನು ಒಬ್ಬರು ಇಬ್ಬರಿಂದ ಮುಚ್ಚಿಡುತ್ತಾರೆ. ಆಡದ ಮಾತನ್ನು ಎಲ್ಲರೂ ಕೂಡಿ ಕಾಯುತ್ತಾರೆ. ಹಳ್ಳಿಯ ಕೂಡುಮನೆಯಲ್ಲಿ ಗೋಡೆಗೂ ಕಿವಿ ಇರುವಾಗ ಗುಟ್ಟು ಬಹುಕಾಲ ಬಾಳದು. ಆಡದ ಮಾತು ಮೂರು ತಲೆಮಾರು ಬಾಳುತ್ತದೆ. ಪೆಟ್ಟಿಗೆಯ ಪತ್ರದ ಹಂದರ ಈ ಸೀಮೆಗೆ ಒಗ್ಗದಿರುವುದು ಇದೇ ಕಾರಣಕ್ಕೆ ಎಂದು ನನಗನಿಸುತ್ತದೆ.

ಈ ಸೀಮೆಯ ಅಟ್ಟದಲ್ಲಿ ಇರುವುದು ತೆಂಗಿನಕಾಯಿ. ಕೆಡವಿದ ಕಾಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಕಾಯಿ ಅಲ್ಲಾಡಿಸಿದರೆ ಕೊಬ್ಬರಿ ಕದಲುವ ಸದ್ದು ಕೇಳುತ್ತದೆ. ಆಗ ಸುಲಿದು, ಚಿಪ್ಪು ಒಡೆದು ಉಂಡೆಕೊಬ್ಬರಿ ತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಕಾಯಿ ಇರುವುದು ಮನೆಯವರಿಗೆಲ್ಲ ಗೊತ್ತು. ಒಳಗೆ ಹಣ್ಣಾಯಿತೇ, ಕೆಟ್ಟಿತೇ ಎಂಬುದು ಅಲ್ಲಾಡಿಸಿ ಕೇಳಿದವರಿಗಷ್ಟೇ ಗೊತ್ತು. ಇಲ್ಲಿನ ಮನೆತನದ ಕತೆ ಬರೆಯುವವರು ಹುಡುಕುವ ಕಣ್ಣಿಗಿಂತ ಹೀಗೆ ಕೇಳುವ ಕಿವಿಯನ್ನು ಪಳಗಿಸಿಕೊಳ್ಳಬೇಕು.

4. ಪ್ರೀತಿ ದಾಟಿದ ದಾರಿ

ಈ ಕಾದಂಬರಿಯಲ್ಲಿ ಆಸ್ತಿ, ಹುದ್ದೆ, ಬೈಗುಳ ಮೂರೂ ವಂಶದ ಸಾಲಿನಲ್ಲಿ ನೇರವಾಗಿ ಇಳಿಯುತ್ತವೆ. ಅತ್ತೆ ಗಂಗಮ್ಮನ ಬಾಯಿ ಮಕ್ಕಳಾದ ಚೆನ್ನಿಗರಾಯ, ಅಪ್ಪಣ್ಣಯ್ಯನವರಿಗೆ ಹಾಗೆಯೇ ಬಂದಿದೆ. ಪ್ರೀತಿ ಮಾತ್ರ ಒಂದು ಮೆಟ್ಟಿಲು ಹಾರಿ, ಇಲ್ಲವೇ ಪಕ್ಕದ ಬಾಗಿಲಿನಿಂದ ಬರುತ್ತದೆ. ತಾಯಿಯಿಲ್ಲದ ನಂಜಮ್ಮನನ್ನು ಸಾಕಿದ್ದು ಅಜ್ಜಿ ಅಕ್ಕಮ್ಮ. ಪ್ಲೇಗು ಮೊದಲು ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣರನ್ನು, ಮುಂದೆ ಅವಳನ್ನೂ ಒಯ್ದ ಮೇಲೆ ಉಳಿದ ಹುಡುಗ ವಿಶ್ವನ ಕೈಹಿಡಿದು ಊರಾಚೆಗೆ ನಡೆಸುವವರು ಮಾದೇವಯ್ಯನವರು. ಅವರು ಈ ಬ್ರಾಹ್ಮಣ ಮನೆಗೆ ರಕ್ತದಿಂದಲೂ ಜಾತಿಯಿಂದಲೂ ಏನೂ ಆಗಬೇಕಾಗಿಲ್ಲದ ಜಂಗಮರು.

ಅಮ್ಮ ಮಗನಿಗೆ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ದೃಶ್ಯಗಳನ್ನು ಕಾದಂಬರಿ ನೆಚ್ಚುವುದಿಲ್ಲ. ಹಾಕಿದ ಗೆರೆ, ಹಚ್ಚಿದ ಎಲೆ, ಕಲಿಸಿದ ಅಕ್ಷರಗಳಲ್ಲೇ ಅದು ಸಂದುಹೋಗುತ್ತದೆ. ಹದಿನೈದರ ಓದುಗನಿಗೆ ಇದು ಅರ್ಥವಾಗದೇನೋ ಎಂದು ಅನುಮಾನಿಸಬೇಕಾಗಿಲ್ಲ. ತನ್ನ ಮನೆಯಲ್ಲೂ ಪ್ರೀತಿಯನ್ನು ಅವನು ಕಂಡಿರುವುದು ಬಹುಮಟ್ಟಿಗೆ ಹೀಗೆಯೇ.

5. ಬರೆಯುವವರಿಗೆ

ಕನ್ನಡ ಕಿಶೋರ ಕಾದಂಬರಿಗೆ ಸ್ಥಳೀಯ ಚರಿತ್ರೆಯನ್ನು ಹೊರುವ ಶಕ್ತಿ ಇದೆ. ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅವರ ಶರಾವತಿ ಸೀಮೆಗೆ ಅಣೆಕಟ್ಟಿನ ಮುಳುಗಡೆ ಹೇಗೋ ತೆಂಗಿನ ಸೀಮೆಗೆ ಪ್ಲೇಗಿನ ಗುಡಿಸಲು, ಶ್ಯಾನುಭೋಗರ ಲೆಕ್ಕ, ಅಟ್ಟದ ಕಾಯಿ ಹಾಗೆ. ಇಲ್ಲಿ ಮೊಮ್ಮಗಳು ಹುಡುಕಬೇಕಾದದ್ದು ಬಚ್ಚಿಟ್ಟ ಪತ್ರವನ್ನಲ್ಲ. ಎಲ್ಲರೂ ನೋಡಿ ಯಾರೂ ಓದದ ಬರವಣಿಗೆಯನ್ನು ಅವಳು ಹೊಸದಾಗಿ ಓದಬೇಕು, ಇದು ಯಾರ ಕೈ ಎಂದು ಕೇಳಬೇಕು. ಆ ಒಂದು ಪ್ರಶ್ನೆಯೇ ಕಾದಂಬರಿಯನ್ನು ನಡೆಸಬಲ್ಲದು.

ವಂಶಪಾರಂಪರ್ಯದ ಶ್ಯಾನುಭೋಗಿಕೆಯನ್ನು ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ (1961) ಕೊನೆಗೊಳಿಸಿತು. ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ಆ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು; ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ. ಆ ಹುದ್ದೆಯಲ್ಲಿ ಇಂದು ಹೆಣ್ಣುಮಕ್ಕಳೂ ಇದ್ದಾರೆ. ಅವರು ಲೆಕ್ಕ ಬರೆದು, ಅದರ ಕೆಳಗೆ ತಮ್ಮದೇ ಹೆಸರಿನ ಸಹಿ ಹಾಕುತ್ತಾರೆ.